ತುಮಕೂರಿನ ಕೌಂಟರಿನಲ್ಲಿ ‘ಸ್ಕಿಜೋಫ್ರೇನಿಯಾ ಜೀನ್ ಟೆಸ್ಟ್’: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಬಿ.ಎಚ್. ರಸ್ತೆ, ಅಶೋಕ ರಸ್ತೆ, ಎಸ್.ಎಸ್. ಪುರಂ ಕಡೆಯ ಕೆಲವು ರಕ್ತಪರೀಕ್ಷೆ ಕೇಂದ್ರಗಳಲ್ಲಿ ಈಗ ಥೈರಾಯ್ಡ್, ಶುಗರ್ ಪ್ಯಾಕೇಜುಗಳ ಜೊತೆಗೆ ಮನೋರೋಗದ ಜೀನ್ ಪರೀಕ್ಷೆಯನ್ನೂ ಮಾರುತ್ತಾರೆ. ಇಲ್ಲಿ ಆಗುವುದು ಸ್ಯಾಂಪಲ್ ತೆಗೆಯುವ ಕೆಲಸ ಮಾತ್ರ. ಟ್ಯೂಬು ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತದೆ, ವಾಪಸ್ ಬರುವುದು ಪಿಡಿಎಫ್. ಈ ಬರಹದಲ್ಲಿ ಕಂಪನಿಗಳ ಹೆಸರು ಹಾಕಿಲ್ಲ. ಡಬ್ಬಿಯ ಬಣ್ಣ ಬೇರೆ ಬೇರೆಯಾದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಸಾಮಾನ್ಯವಾಗಿ ಸಿಗುವುದು ನಾಲ್ಕು: ಹತ್ತು ಸಾವಿರದೊಳಗಿನ ಲಾಲಾರಸದ ಕಿಟ್, ಹದಿನೈದರಿಂದ ಇಪ್ಪತ್ತೈದು ಸಾವಿರದ ಕ್ರೋಮೋಸೋಮಲ್ ಮೈಕ್ರೋಅರೇ, ಇಪ್ಪತ್ತರಿಂದ ನಲವತ್ತು ಸಾವಿರದ ಎಕ್ಸೋಮ್, ಮತ್ತೆ ‘ಯಾವ ಮಾತ್ರೆ ಒಗ್ಗುತ್ತದೆ’ ಎಂದು ಹೇಳುವ ಔಷಧಿ ಪ್ಯಾನೆಲ್. ಐದಕ್ಕೆ ಅಂಕ ಕೊಡುವುದಾದರೆ ಕಿಟ್‌ಗೆ ಅರ್ಧ, ಮೈಕ್ರೋಅರೇಗೆ ನಾಲ್ಕು (ಸರಿಯಾದವರಿಗೆ ಮಾಡಿಸಿದರೆ), ಎಕ್ಸೋಮ್‌ಗೆ ಎರಡೂವರೆ, ಔಷಧಿ ಪ್ಯಾನೆಲ್‌ಗೆ ಎರಡು.

ಕೌಂಟರಿನಲ್ಲಿ ಯಾರೂ ಹೇಳದ ಮಾತು ಒಂದಿದೆ. ಈ ನಾಲ್ಕರಲ್ಲಿ ಯಾವುದೂ ಸ್ಕಿಜೋಫ್ರೇನಿಯಾ ಇದೆಯೋ ಇಲ್ಲವೋ ಎಂದು ಹೇಳುವುದಿಲ್ಲ. ಅದನ್ನು ಹೇಳುವವರು ಮನೋವೈದ್ಯರು, ಅದೂ ರೋಗಿಯ ಜೊತೆ, ಮನೆಯವರ ಜೊತೆ ಮಾತಾಡಿ. ಇಲ್ಲದ ದನಿ ಕೇಳಿಸುವುದು, ಬಲವಾದ ಸಂಶಯ, ಮಾತು ಜಾಡು ತಪ್ಪುವುದು, ಮಂಕಾಗಿ ಮೂಲೆ ಸೇರುವುದು ಎಷ್ಟು ದಿನದಿಂದ ಇದೆ ಎಂದು ನೋಡಿ, ಗಾಂಜಾ, ಮದ್ಯ, ಥೈರಾಯ್ಡ್, ಫಿಟ್ಸ್ ಇಂಥ ಬೇರೆ ಕಾರಣಗಳನ್ನು ಬದಿಗೆ ಸರಿಸಿ ನಿರ್ಧಾರಕ್ಕೆ ಬರುತ್ತಾರೆ. ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಕಾರಣ ಹುಡುಕಲು ಜೀನ್ ಪರೀಕ್ಷೆ. ಈ ಕ್ರಮ ತಲೆಕೆಳಗಾದರೆ ಉಳಿದದ್ದೆಲ್ಲ ತಲೆಕೆಳಗೇ.

ಮೊದಲು ಲಾಲಾರಸದ ಕಿಟ್. ಜಾಸ್ತಿ ಮಾರಾಟವಾಗುವುದೂ ಇದೇ, ಕೆಲಸಕ್ಕೆ ಬಾರದ್ದೂ ಇದೇ. ಒಳಗೆ ಆಗುವುದು ಇಷ್ಟು: ಡಿಎನ್‌ಎಯಲ್ಲಿ ಮನುಷ್ಯ ಮನುಷ್ಯರ ನಡುವೆ ಸಾಮಾನ್ಯವಾಗಿ ಬದಲಾಗುವ ಲಕ್ಷಾಂತರ ಜಾಗಗಳನ್ನು ಒಂದು ಚಿಪ್ ಓದುತ್ತದೆ. ಸ್ಕಿಜೋಫ್ರೇನಿಯಾಕ್ಕೆ ಸಂಬಂಧ ಇರುವ ಪ್ರತಿ ಜಾಗಕ್ಕೂ ಒಂದು ಸಣ್ಣ ತೂಕ ಕೊಟ್ಟು ಎಲ್ಲವನ್ನೂ ಕೂಡಿಸುತ್ತಾರೆ. ಆ ಮೊತ್ತಕ್ಕೆ ಪಾಲಿಜೆನಿಕ್ ಸ್ಕೋರ್ ಎಂದು ಹೆಸರು. ಲೆಕ್ಕದ ಹಿಂದಿನ ವಿಜ್ಞಾನ ಸುಳ್ಳಲ್ಲ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 76,755 ರೋಗಿಗಳನ್ನು 2,43,649 ಇತರರ ಜೊತೆ ಹೋಲಿಸಿ, ಜೀನೋಮಿನ 287 ಜಾಗಗಳು ಈ ಕಾಯಿಲೆಗೆ ತಳಕು ಹಾಕಿಕೊಂಡಿವೆ ಎಂದು ತೋರಿಸಿದರು. ಆದರೆ ಆ ಒಂದೊಂದು ಜಾಗದ ಪಾಲು ಎಷ್ಟು ಕಮ್ಮಿಯೆಂದರೆ, ಎಲ್ಲವನ್ನೂ ಕೂಡಿಸಿದರೂ ಒಬ್ಬ ಮನುಷ್ಯನ ಬಗ್ಗೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ಗುಂಪಿಗೆ ಹೊಂದುವ ಲೆಕ್ಕವನ್ನು ಒಬ್ಬರಿಗೆ ತಂದು ಅಂಟಿಸುವುದೇ ಈ ಕಿಟ್ಟಿನ ಮೂಲ ದೋಷ.

ರಿಪೋರ್ಟಿನ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ‘ಸ್ಕಿಜೋಫ್ರೇನಿಯಾ: 87ನೇ ಪರ್ಸೆಂಟೈಲ್, ಹೆಚ್ಚಿನ ಅಪಾಯ’, ಪಕ್ಕದಲ್ಲಿ ಕೆಂಪು ಬಾಣ. ಓದಿದವರ ಎದೆ ಧಸಕ್ಕೆನ್ನುತ್ತದೆ, ನೂರಕ್ಕೆ 87 ಪಾಲು ಕಾಯಿಲೆ ಗ್ಯಾರಂಟಿ ಎಂದುಕೊಳ್ಳುತ್ತಾರೆ. ಪರ್ಸೆಂಟೈಲ್ ಅಂದರೆ ಸಾಲಿನಲ್ಲಿ ನಿಂತ ಜಾಗ ಅಷ್ಟೆ. ನೂರು ಜನರನ್ನು ಸ್ಕೋರಿನ ಪ್ರಕಾರ ನಿಲ್ಲಿಸಿದರೆ ಕಮ್ಮಿ ಸ್ಕೋರಿನ ಕಡೆಯಿಂದ ಎಣಿಸಿದಾಗ ಈ ವ್ಯಕ್ತಿ 87ನೆಯವರು. ಸಾಮಾನ್ಯ ಜನರಲ್ಲಿ ಜೀವಮಾನದಲ್ಲಿ ಈ ಕಾಯಿಲೆ ಬರುವುದು ನೂರಕ್ಕೆ ಒಬ್ಬರಿಗೆ, ಅಥವಾ ಅದಕ್ಕೂ ಸ್ವಲ್ಪ ಕಮ್ಮಿ. ಮೇಲೆ ಹೇಳಿದ ಅದೇ ಅಧ್ಯಯನದಲ್ಲಿ, ಸ್ಕೋರಿನಲ್ಲಿ ಅತಿ ಮುಂದಿದ್ದ ನೂರನೇ ಒಂದು ಭಾಗದವರಿಗೂ ಉಳಿದ 99 ಭಾಗದವರಿಗಿಂತ ಸಂಭವ ಐದೂವರೆ ಪಟ್ಟಿನ ಆಸುಪಾಸು. ಅಂದರೆ ತುತ್ತತುದಿಯಲ್ಲಿ ನಿಂತ ನೂರು ಜನರಲ್ಲೂ 94–95 ಜನಕ್ಕೆ ಏನೂ ಆಗುವುದಿಲ್ಲ. ತುದಿಯವರ ಗತಿಯೇ ಹೀಗಿರುವಾಗ 87ನೆಯವರಿಗೆ ಕೆಂಪು ಬಾಣ ಯಾಕೆ?

ಎರಡನೇ ದೋಷ ನಮ್ಮ ಊರಿನವರಿಗೇ ಹೆಚ್ಚು ತಟ್ಟುವಂಥದ್ದು. ಆ ಅಧ್ಯಯನದಲ್ಲಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಯುರೋಪ್ ಮೂಲದವರು, ಉಳಿದವರಲ್ಲಿ ಹೆಚ್ಚಿನವರು ಪೂರ್ವ ಏಷ್ಯಾದವರು. ತೂಕಗಳೆಲ್ಲ ಅವರ ಡಿಎನ್‌ಎಯಿಂದ ಬಂದವು. ಗುಬ್ಬಿಯವರಿಗೋ ಪಾವಗಡದವರಿಗೋ ಅದೇ ತೂಕ ಹಾಕಿದರೆ ಸ್ಕೋರಿನ ಕಸುವು ಇನ್ನೂ ಇಳಿಯುತ್ತದೆ. ಇನ್ನೊಂದು ಎಡವಟ್ಟೆಂದರೆ, ಬೇರೆ ಜನಸಮೂಹದವರ ಸಾಲಿನಲ್ಲಿ ನಮ್ಮವರನ್ನು ನಿಲ್ಲಿಸಿದಾಗ ಇಡೀ ಮನೆಮಂದಿಯ ಸ್ಕೋರು ಒಂದೇ ತುದಿಗೆ ಜರುಗಿಬಿಡಬಹುದು. ಅಪ್ಪ, ಅಮ್ಮ, ಮೂವರು ಮಕ್ಕಳು, ಎಲ್ಲರಿಗೂ ‘ಹೆಚ್ಚಿನ ಅಪಾಯ’ ಎಂದು ಬಂದರೆ ಅದು ಮನೆತನದ ಕಾಯಿಲೆಯಲ್ಲ, ತಕ್ಕಡಿಯದೇ ತಪ್ಪು. ಯಾವ ಜನರ ಜೊತೆ ಹೋಲಿಸಿದ್ದೀರಿ ಎಂದು ಕಂಪನಿಗೆ ಮೇಲ್ ಹಾಕಿ ಕೇಳಿ. ಭಾರತೀಯರು ಎಂದರೆ ಎಷ್ಟು ಜನ ಎಂದೂ ಕೇಳಿ.

ಕಿಟ್ ಯಾವ ಕಾಲದ್ದು ಎಂದು ತಿಳಿಯಲು ಸುಲಭದ ಗುರುತು ಅದರ ಜೀನ್ ಪಟ್ಟಿ. ಸಿಒಎಂಟಿ, ಎಂಟಿಎಚ್‌ಎಫ್‌ಆರ್, ಡಿಸ್ಕ್1, ಎನ್‌ಆರ್‌ಜಿ1, ಡಿಟಿಎನ್‌ಬಿಪಿ1 ಎಂದು ಐದಾರು ಹೆಸರು ಹಾಕಿ ‘ಇವು ಸ್ಕಿಜೋಫ್ರೇನಿಯಾ ಜೀನುಗಳು’ ಎಂದಿದ್ದರೆ, ಅದು ಇಪ್ಪತ್ತು ವರ್ಷ ಹಿಂದಿನ ಊಹೆಗಳ ಪಟ್ಟಿ. ಸಿಒಎಂಟಿ ಜೀನಿನ ಆ ಪ್ರಸಿದ್ಧ ಬದಲಾವಣೆ ಬೀದಿಯಲ್ಲಿ ಹೋಗುವ ಅರ್ಧ ಜನರಲ್ಲಾದರೂ ಇರುತ್ತದೆ. ಸಾವಿರಾರು ಜನರನ್ನು ಸೇರಿಸಿಕೊಂಡು ನೋಡಿದ ದೊಡ್ಡ ಅಧ್ಯಯನಗಳಲ್ಲಿ ಅದಕ್ಕೂ ಈ ಕಾಯಿಲೆಗೂ ಹೇಳಿಕೊಳ್ಳುವ ನಂಟು ಕಾಣಲಿಲ್ಲ. ಎಂಟಿಎಚ್‌ಎಫ್‌ಆರ್ ಹೆಸರು ಹೇಳಿ ವಿಟಮಿನ್ ಡಬ್ಬಿ ಮಾರುವುದು ಇನ್ನೊಂದು ದಂಧೆ. ಡಿಸ್ಕ್1 ಮಾತ್ರ ಬೇರೆ ಕಥೆ. ಸ್ಕಾಟ್ಲೆಂಡಿನ ಒಂದು ದೊಡ್ಡ ಕುಟುಂಬದಲ್ಲಿ 1 ಮತ್ತು 11ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಆ ಜೀನು ಮುರಿದಿತ್ತು, ಹಲವರಿಗೆ ಮನೋರೋಗ ಬಂದಿತ್ತು. ಆ ಮನೆಯ ಮಟ್ಟಿಗೆ ಅದು ನಿಜ. ಎಲ್ಲರ ರಿಪೋರ್ಟಿಗೂ ಅದನ್ನು ಎಳೆದು ತರುವುದು ತಪ್ಪು.

ಹಾಗಿದ್ದರೆ ಜೀನಿಗೂ ಈ ಕಾಯಿಲೆಗೂ ಸಂಬಂಧ ಇಲ್ಲವೇ? ಖಂಡಿತ ಇದೆ. ಅವಳಿಗಳ ಅಧ್ಯಯನಗಳ ಲೆಕ್ಕದಲ್ಲಿ ಕಾಯಿಲೆಯ ಒಲವು ಜನರಿಂದ ಜನರಿಗೆ ಬೇರೆಯಾಗುವುದರಲ್ಲಿ ನೂರಕ್ಕೆ ಸುಮಾರು 80 ಪಾಲು ಆನುವಂಶಿಕತೆಯದು. ಆದರೂ ಒಂದೇ ಡಿಎನ್‌ಎ ಇರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಇನ್ನೊಬ್ಬರಿಗೂ ಬರುವುದು ಅರ್ಧಕ್ಕಿಂತ ಕಮ್ಮಿ ಜೋಡಿಗಳಲ್ಲಿ. ಸ್ವಂತ ಅಣ್ಣನಿಗೋ ಅಕ್ಕನಿಗೋ ಇದ್ದರೆ ನೂರಕ್ಕೆ ಹತ್ತರ ಒಳಗೆ, ಸೋದರಮಾವನಿಗೋ ಚಿಕ್ಕಪ್ಪನಿಗೋ ಇದ್ದರೆ ಮೂರು ನಾಲ್ಕು. ಮೂರು ತಲೆಮಾರಿನ ವಂಶವೃಕ್ಷ ಬರೆದರೆ ಕಿಟ್ಟಿಗಿಂತ ಹೆಚ್ಚು ತಿಳಿಯುತ್ತದೆ, ಖರ್ಚು ಒಂದು ಹಾಳೆ. ಅದರಲ್ಲಿ ‘ತಲೆ ಸರಿ ಇರಲಿಲ್ಲ’ ಎಂದು ಮನೆಯಲ್ಲಿ ಹೇಳುವವರು, ಆತ್ಮಹತ್ಯೆ, ಫಿಟ್ಸ್, ಎಳವೆಯಲ್ಲೇ ತೀರಿಕೊಂಡ ಮಕ್ಕಳು, ಹುಟ್ಟಾ ಹೃದಯದ ತೊಂದರೆ, ಸೋದರಿಕೆಯ ಮದುವೆ ಎಲ್ಲವೂ ಬರಬೇಕು. ಸ್ಯಾಂಪಲ್ ತೆಗೆಯುವವರು ಕೇಳುವುದು ಹೆಸರು, ವಯಸ್ಸು, ಫೋನ್ ನಂಬರ್ ಮಾತ್ರ. ಈ ಸೇವೆಯ ದೊಡ್ಡ ಕೊರತೆ ಅದೇ.

ಇನ್ನು ದುಡ್ಡಿಗೆ ಬೆಲೆ ಬರುವ ಪರೀಕ್ಷೆ, ಮೈಕ್ರೋಅರೇ. ಇದು ಅಕ್ಷರ ಓದುವುದಿಲ್ಲ, ಪ್ರತಿಗಳನ್ನು ಎಣಿಸುತ್ತದೆ. ಪ್ರತಿ ತುಂಡೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಎರಡಿರಬೇಕು. ಎಲ್ಲಾದರೂ ಒಂದೇ ಉಳಿದಿದ್ದರೆ ಅದು ಲೋಪ, ಮೂರಾಗಿದ್ದರೆ ದ್ವಿಗುಣ. ಸ್ಕಿಜೋಫ್ರೇನಿಯಾಕ್ಕೆ ಗಟ್ಟಿ ನಂಟಿರುವ ಇಂಥ ಜಾಗಗಳು ಹತ್ತಾರು ಇಲ್ಲ, ಕೆಲವೇ ಇವೆ: 22ಕ್ಯೂ11.2, 3ಕ್ಯೂ29, 15ಕ್ಯೂ13.3, 1ಕ್ಯೂ21.1, 16ಪಿ11.2ರ ದ್ವಿಗುಣ, ಎನ್‌ಆರ್‌ಎಕ್ಸ್‌ಎನ್1 ಜೀನಿನೊಳಗಿನ ಲೋಪ. (ಮೊದಲ ಅಂಕಿ ಕ್ರೋಮೋಸೋಮಿನ ನಂಬರು, ಉಳಿದದ್ದು ಅದರೊಳಗಿನ ಜಾಗದ ವಿಳಾಸ.) ರೋಗಿಗಳಲ್ಲಿ ನೂರಕ್ಕೆ ಎರಡು ಮೂರು ಜನರಲ್ಲಿ ಇವುಗಳಲ್ಲಿ ಒಂದು ಸಿಗುತ್ತದೆ. ಕಮ್ಮಿ ಅನ್ನಿಸಬಹುದು. ಆದರೆ ಸಿಕ್ಕಿದವರ ಚಿಕಿತ್ಸೆಯೇ ಬದಲಾಗುತ್ತದೆ, ಅಂಕ ಕೊಟ್ಟಿದ್ದು ಅದಕ್ಕೆ.

22ಕ್ಯೂ11.2 ಲೋಪವನ್ನೇ ನೋಡಿ. ಹುಟ್ಟುವ ಮಕ್ಕಳಲ್ಲಿ ಎರಡರಿಂದ ನಾಲ್ಕು ಸಾವಿರಕ್ಕೆ ಒಬ್ಬರಿಗೆ ಇರುತ್ತದೆ ಎಂಬ ಅಂದಾಜು. ಅವರಲ್ಲಿ ಸುಮಾರು ಕಾಲು ಭಾಗದವರಿಗೆ ದೊಡ್ಡವರಾದ ಮೇಲೆ ಸ್ಕಿಜೋಫ್ರೇನಿಯಾ ಬರುತ್ತದೆ. ಈ ಲೋಪ ಆಗುವ ಬಗೆ ಪಹಣಿ ನಕಲು ಮಾಡಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದೇ ಪದದಿಂದ ಶುರುವಾಗುವ ಎರಡು ಸಾಲು ಹಾಳೆಯಲ್ಲಿದ್ದರೆ, ಬರೆಯುವವರ ಕಣ್ಣು ಮೇಲಿನ ಸಾಲಿನಿಂದ ಕೆಳಗಿನದಕ್ಕೆ ಹಾರಿ ನಡುವಿನ ಸಾಲುಗಳೆಲ್ಲ ಬಿಟ್ಟುಹೋಗುತ್ತವೆ. 22ನೇ ಕ್ರೋಮೋಸೋಮಿನ ಆ ಭಾಗದಲ್ಲಿ ಒಂದನ್ನೊಂದು ಹೋಲುವ ಡಿಎನ್‌ಎ ತುಣುಕುಗಳು ಅಲ್ಲಲ್ಲಿವೆ. ಅಂಡಾಣು, ವೀರ್ಯಾಣು ತಯಾರಾಗುವಾಗ ಅವು ತಪ್ಪಾಗಿ ಜೋಡಿಯಾದರೆ ನಡುವಿನ ಸುಮಾರು 30 ಲಕ್ಷ ಅಕ್ಷರ, ಅದರೊಳಗಿನ ನಲವತ್ತಕ್ಕೂ ಹೆಚ್ಚು ಜೀನು ಕಳೆದುಹೋಗುತ್ತವೆ. ಹತ್ತರಲ್ಲಿ ಒಂಬತ್ತು ಸಲ ಇದು ಹೊಸದಾಗಿ ಆದದ್ದು, ಅಪ್ಪ ಅಮ್ಮ ಇಬ್ಬರಲ್ಲೂ ಇರುವುದಿಲ್ಲ. ‘ನಿಮ್ಮ ಕಡೆಯಿಂದ ಬಂದದ್ದು’ ಎಂದು ಬೀಗರು ಜಗಳ ಆಡುವ ಮೊದಲು ತಂದೆತಾಯಿಯ ಪರೀಕ್ಷೆ ಆಗಲಿ. ಇಬ್ಬರಲ್ಲೂ ಇಲ್ಲದಿದ್ದರೆ ಮುಂದಿನ ಮಗುವಿಗೆ ಬರುವ ಸಂಭವ ತೀರಾ ಕಮ್ಮಿ. ಲೋಪ ಇರುವವರ ಸ್ವಂತ ಮಕ್ಕಳಿಗೆ ಮಾತ್ರ ಅರ್ಧಕ್ಕರ್ಧ.

ಯಾರಿಗೆ ಮಾಡಿಸಬೇಕು? ಸ್ಕಿಜೋಫ್ರೇನಿಯಾ ಇದ್ದು, ಜೊತೆಗೆ ಹುಟ್ಟಿನಿಂದ ಹೃದಯದ ದೋಷ, ಸೀಳು ಅಂಗುಳ ಅಥವಾ ಮೂಗಿನಲ್ಲಿ ಮಾತು, ಚಿಕ್ಕಂದಿನಿಂದ ಓದಿನಲ್ಲಿ ಹಿಂದೆ, ಫಿಟ್ಸ್, ಆಟಿಸಂ, ಕ್ಯಾಲ್ಸಿಯಂ ಕಮ್ಮಿಯಾಗಿ ಕೈಕಾಲು ಸೆಟೆಯುವುದು, ಅಥವಾ 13 ವರ್ಷಕ್ಕೂ ಮೊದಲೇ ಕಾಯಿಲೆ ಶುರು, ಇವುಗಳಲ್ಲಿ ಯಾವುದಾದರೂ ಇದ್ದರೆ ಮೈಕ್ರೋಅರೇ ಬಗ್ಗೆ ಮನೋವೈದ್ಯರನ್ನು ಕೇಳಿ. ಲೋಪ ಸಿಕ್ಕರೆ ಆಗುವ ಲಾಭ ಕಣ್ಣಿಗೆ ಕಾಣುವಂಥದ್ದು. ರಕ್ತದ ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್, ಥೈರಾಯ್ಡ್ ನೋಡುತ್ತಾರೆ, ಎಕೋ ಮಾಡುತ್ತಾರೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಮಾತ್ರೆ ಫಿಟ್ಸ್ ತರಬಲ್ಲದು, ಕ್ಯಾಲ್ಸಿಯಂ ಕಮ್ಮಿ ಇದ್ದರೆ ಆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಕ್ಯಾಲ್ಸಿಯಂ ಸರಿಮಾಡಿಕೊಂಡು ಸಣ್ಣ ಡೋಸಿನಿಂದ ನಿಧಾನಕ್ಕೆ ಏರಿಸುತ್ತಾರೆ.

ಕೌಂಟರಿನಲ್ಲಿ ‘ಮೈಕ್ರೋಅರೇ ದುಬಾರಿ, ಫಿಶ್ ಮಾಡಿಸಿ, ಐದಾರು ಸಾವಿರ’ ಎನ್ನುವುದುಂಟು. ಫಿಶ್ ಪರೀಕ್ಷೆ ನೋಡುವುದು ಪ್ರೋಬ್, ಅಂದರೆ ಹೊಳೆಯುವ ಡಿಎನ್‌ಎ ತುಣುಕು, ಹೋಗಿ ಕೂರುವ ಒಂದೇ ಜಾಗ. 22ಕ್ಯೂ ಪ್ರೋಬಿನ ಆಚೆಗಿನ ಚಿಕ್ಕ ಲೋಪ ಅದಕ್ಕೆ ಸಿಗುವುದಿಲ್ಲ, 16ಪಿ, 3ಕ್ಯೂಗಳಂತೂ ಮೊದಲೇ ಇಲ್ಲ. ಮಗುವಿನಲ್ಲಿ ಲೋಪ ಗೊತ್ತಾದ ಮೇಲೆ ತಂದೆತಾಯಿಯನ್ನು ನೋಡಲು ಫಿಶ್ ಅಥವಾ ಎಂಎಲ್‌ಪಿಎ (ಆಯ್ದ ಕೆಲವು ಜಾಗಗಳ ಪ್ರತಿ ಮಾತ್ರ ಎಣಿಸುವ ಪರೀಕ್ಷೆ) ಸಾಕು, ದುಡ್ಡೂ ಉಳಿಯುತ್ತದೆ. ಮೈಕ್ರೋಅರೇಗೂ ಮಿತಿ ಇದೆ. ತುಂಡುಗಳು ಅದಲುಬದಲಾಗಿ ಒಟ್ಟು ಲೆಕ್ಕ ಸರಿಯಿದ್ದರೆ ಅದಕ್ಕೆ ಕಾಣುವುದಿಲ್ಲ, ಸ್ಕಾಟ್ಲೆಂಡಿನ ಕುಟುಂಬದ ದೋಷ ಅಂಥದ್ದೇ. ಎಷ್ಟು ಚಿಕ್ಕ ಲೋಪದವರೆಗೆ ರಿಪೋರ್ಟ್ ಮಾಡುತ್ತೀರಿ ಎಂದು ಮೊದಲೇ ಕೇಳಿ. ಎನ್‌ಆರ್‌ಎಕ್ಸ್‌ಎನ್1ರೊಳಗಿನ ಲೋಪಗಳು ಸಣ್ಣವು. ಲ್ಯಾಬಿನ ಜರಡಿ ದೊಡ್ಡದಿದ್ದರೆ ಸೋರಿಹೋಗುತ್ತವೆ, ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದೇ ಬರುತ್ತದೆ.

ಎಕ್ಸೋಮ್ ಪರೀಕ್ಷೆ ಪ್ರೋಟೀನ್ ತಯಾರಿಸುವ ಭಾಗಗಳನ್ನೆಲ್ಲ ಅಕ್ಷರ ಅಕ್ಷರ ಓದುತ್ತದೆ. 2022ರಲ್ಲೇ ಬಂದ ಇನ್ನೊಂದು ಅಧ್ಯಯನ 24,248 ರೋಗಿಗಳ ಎಕ್ಸೋಮ್ ಓದಿ, ಕೆಟ್ಟರೆ ಕಾಯಿಲೆಯ ಸಂಭವವನ್ನು ಬಹಳ ಏರಿಸುವ ಹತ್ತು ಜೀನುಗಳನ್ನು ಗುರುತಿಸಿತು. ಸೆಟ್‌ಡಿ1ಎ ಅದರಲ್ಲಿ ಪ್ರಮುಖ, ಬೇರೆ ಜೀನುಗಳನ್ನು ಚಾಲೂ ಮಾಡುವುದು ಅದರ ಕೆಲಸ. ಗ್ರಿನ್2ಎ, ಗ್ರಿಯಾ3 ನರಕೋಶಗಳ ನಡುವೆ ಗ್ಲುಟಮೇಟ್ ಸಂದೇಶ ಹಿಡಿಯುವ ಗ್ರಾಹಕಗಳ ಭಾಗಗಳು. ಇವು ಎಷ್ಟು ಅಪರೂಪ ಅಂದರೆ ನೂರು ರೋಗಿಗಳನ್ನು ಪರೀಕ್ಷಿಸಿದರೂ ಒಬ್ಬರಲ್ಲಿ ಸಿಕ್ಕೀತು ಎನ್ನುವಂತಿಲ್ಲ. ವಿಜ್ಞಾನಿಗಳಿಗೆ ಇದು ಚಿನ್ನದ ಗಣಿ, ಚಿಕಿತ್ಸೆಗೆ ಸದ್ಯಕ್ಕೆ ಪ್ರಯೋಜನ ಕಮ್ಮಿ. ಸಿ4 ಜೀನಿನದೂ ಅದೇ ಕಥೆ. ಹದಿಹರೆಯದಲ್ಲಿ ಮೆದುಳು ಬೇಡದ ನರಸಂಪರ್ಕಗಳನ್ನು ಕತ್ತರಿಸಿ ಹಾಕುತ್ತದೆ. ಸಿ4 ಜಾಸ್ತಿ ಇದ್ದವರಲ್ಲಿ ಆ ಕತ್ತರಿ ಅತಿಯಾಗುತ್ತದೆ ಎಂಬುದಕ್ಕೆ 2016ರಿಂದ ಒಳ್ಳೆಯ ಪುರಾವೆ ಇದೆ. ಕಾಯಿಲೆ ಹೆಚ್ಚಾಗಿ ಹದಿನೈದರಿಂದ ಮೂವತ್ತರೊಳಗೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ ಇರಬಹುದು. ಆದರೆ ಸಿ4 ಎಣಿಸಿ ಮಾತ್ರೆ ಬರೆಯುವ ಡಾಕ್ಟರ್ ಯಾರೂ ಇಲ್ಲ.

ಆದರೂ ಎಕ್ಸೋಮ್‌ಗೆ ಎರಡೂವರೆ ಕೊಟ್ಟಿದ್ದು ಬೇರೆ ಕಾರಣಕ್ಕೆ. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆ ಮಗಳನ್ನು ಮದುವೆಯಾಗುವುದು ಇನ್ನೂ ನಡೆದಿದೆ. ಅಂಥ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ಕೆಟ್ಟ ಪ್ರತಿ ಬಂದು ಆಗುವ ಕಾಯಿಲೆಗಳು ಹೆಚ್ಚು. ಅವುಗಳಲ್ಲಿ ಕೆಲವು ಶುರುವಿಗೆ ಥೇಟ್ ಮನೋರೋಗದ ಹಾಗೇ ಕಾಣಿಸುತ್ತವೆ. ವಿಲ್ಸನ್ ಕಾಯಿಲೆಯಲ್ಲಿ ತಾಮ್ರ ಪಿತ್ತಜನಕಾಂಗದಲ್ಲಿ, ಮೆದುಳಿನಲ್ಲಿ ಸೇರಿಕೊಳ್ಳುತ್ತದೆ. ಕೈ ನಡುಕ, ತೊದಲು, ಜೊಲ್ಲು, ಕಾಮಾಲೆ ಜೊತೆಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು. ನೀಮನ್-ಪಿಕ್ ಸಿ ಕಾಯಿಲೆಯಲ್ಲಿ ಕಣ್ಣುಗುಡ್ಡೆ ಮೇಲೆ ಕೆಳಗೆ ಹೊರಳಿಸಲು ಕಷ್ಟವಾಗುತ್ತದೆ. ವಿಲ್ಸನ್‌ಗೆ ಔಷಧಿ ಇದೆ, ಬೇಗ ಹಿಡಿದರೆ ಮನುಷ್ಯ ಉಳಿಯುತ್ತಾನೆ. ಹಾಗೆಂದು ನೇರ ಎಕ್ಸೋಮಿಗೆ ಓಡಬೇಡಿ. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿ ತಾಮ್ರ, ಕಣ್ಣಿನ ಡಾಕ್ಟರ ಸ್ಲಿಟ್ ಲ್ಯಾಂಪಿನಲ್ಲಿ ಕಾರ್ನಿಯಾದ ಅಂಚಿನ ಕಂದು ಉಂಗುರ, ಈ ಮೂರನ್ನೂ ಎಕ್ಸೋಮಿನ ಸಣ್ಣ ಪಾಲು ಖರ್ಚಿನಲ್ಲಿ ಮೊದಲೇ ನೋಡಬಹುದು.

ಔಷಧಿ ಪ್ಯಾನೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಔಷಧಿ ಕರಗಿಸುವ ಸಿವೈಪಿ2ಡಿ6 ಜೀನು ನಿಧಾನ ಇರುವವರಲ್ಲಿ ರಿಸ್ಪೆರಿಡೋನ್, ಅರಿಪಿಪ್ರಜೋಲ್ ಎಂಬ ಮನೋರೋಗದ ಮಾತ್ರೆಗಳು ರಕ್ತದಲ್ಲಿ ಹೆಚ್ಚು ನಿಲ್ಲುತ್ತವೆ, ಇದು ನಿಜ. ಫಿಟ್ಸ್ ಮಾತ್ರೆಯಾದ ಕಾರ್ಬಮಜೆಪಿನ್ ಕೊಡುವ ಮುಂಚೆ ಎಚ್‌ಎಲ್‌ಎ-ಬಿ 15:02 ಎಂಬ ಜೀನಿನ ರೂಪ ಇದೆಯೇ ಎಂದು ನೋಡುವುದಕ್ಕೂ ಅರ್ಥವಿದೆ, ಅದು ಇದ್ದವರಿಗೆ ಚರ್ಮ ಸುಲಿಯುವ ಅಪಾಯ. ಆದರೆ ಹಸಿರು, ಹಳದಿ, ಕೆಂಪು ಬಣ್ಣದ ಪಟ್ಟಿ ಕೊಟ್ಟು ‘ಈ ಮಾತ್ರೆಯೇ ಕೆಲಸ ಮಾಡುತ್ತದೆ’ ಎನ್ನುವುದು ಅತಿ. ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುವವರಿಗೆ ಜೀನಿಗಿಂತ ಬೀಡಿಯ ಲೆಕ್ಕ ದೊಡ್ಡದು. ಬೀಡಿ, ಸಿಗರೇಟಿನ ಹೊಗೆ ಸಿವೈಪಿ1ಎ2 ಎಂಬ ಕಿಣ್ವವನ್ನು ಚುರುಕು ಮಾಡಿ ಈ ಮಾತ್ರೆಗಳನ್ನು ಬೇಗ ಕರಗಿಸುತ್ತದೆ. ದಿನಕ್ಕೆ ಒಂದು ಕಟ್ಟು ಸೇದುತ್ತಿದ್ದವರು ಆಸ್ಪತ್ರೆ ಸೇರಿ ಬೀಡಿ ಬಿಟ್ಟರೆ, ಅದೇ ಡೋಸಿನಲ್ಲಿ ವಾರದೊಳಗೆ ತೂಕಡಿಕೆ, ಜೊಲ್ಲು, ಕೆಲವೊಮ್ಮೆ ಫಿಟ್ಸ್ ಕಾಣಿಸಬಹುದು. ಇದು ಹೊಗೆಯ ಕೆಲಸ, ನಿಕೋಟಿನ್ನದಲ್ಲ. ಗುಟ್ಕಾ ಹಾಕುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಸ್ಯಾಂಪಲ್ ವಿಷಯದಲ್ಲಿ ಆಗುವ ಎಡವಟ್ಟುಗಳು ಹೆಚ್ಚಾಗಿ ಟ್ಯೂಬಿನ ಬಣ್ಣದ್ದು, ವಾರದ್ದು. ಮೈಕ್ರೋಅರೇ, ಎಕ್ಸೋಮ್‌ಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು, ಎರಡು ಮೂರು ಎಂ.ಎಲ್. ರಕ್ತ, ಎಂಟು ಹತ್ತು ಸಲ ಮೆಲ್ಲಗೆ ಮಗುಚಬೇಕು. ಫಿಶ್, ಕ್ಯಾರಿಯೋಟೈಪ್‌ಗೆ (ಕ್ರೋಮೋಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್, ಯಾಕೆಂದರೆ ಅಲ್ಲಿ ಜೀವಕೋಶ ಬದುಕಿದ್ದು ಬೆಳೆಯಬೇಕು. ಅದಕ್ಕೆ ಇಡಿಟಿಎಯಲ್ಲಿ ತೆಗೆದರೆ ಎರಡು ವಾರದ ನಂತರ ‘ಸ್ಯಾಂಪಲ್ ರಿಜೆಕ್ಟ್’ ಎಂದು ಫೋನ್ ಬರುತ್ತದೆ. ಯಾವ ರಕ್ತವನ್ನೂ ಫ್ರೀಜರಿನಲ್ಲಿ ಇಡಬಾರದು. ಬೇಸಿಗೆಯಲ್ಲಿ ಶಿರಾ, ಪಾವಗಡದಿಂದ ಟ್ಯೂಬು ಕಳಿಸುವವರು ಜೆಲ್ ಪ್ಯಾಕನ್ನು ಟ್ಯೂಬಿಗೆ ನೇರ ತಾಗಿಸದೆ, ನಡುವೆ ಹತ್ತಿಯೋ ಪೇಪರೋ ಸುತ್ತಬೇಕು. ಸೋಮವಾರದಿಂದ ಬುಧವಾರದೊಳಗೆ ಕೊಟ್ಟರೆ ಒಳ್ಳೆಯದು. ಶನಿವಾರ ಕೊಟ್ಟ ಟ್ಯೂಬು ಭಾನುವಾರವೆಲ್ಲ ಕೊರಿಯರ್ ಆಫೀಸಿನಲ್ಲೇ ಕೂತಿರುತ್ತದೆ.

ಲಾಲಾರಸವೇ ಕೊಡಬೇಕಾಗಿ ಬಂದರೆ ಅರ್ಧ ಗಂಟೆ ಮುಂಚೆಯಿಂದ ಊಟ, ಕಾಫಿ, ಎಲೆಅಡಿಕೆ ಏನೂ ಬೇಡ. ಅಡಿಕೆ, ಹೊಗೆಸೊಪ್ಪು ಅಗಿಯುವವರ ಸ್ಯಾಂಪಲ್ ಕೆಂಪಾಗಿ ಬಂದರೆ ಲ್ಯಾಬಿನಲ್ಲಿ ಡಿಎನ್‌ಎ ಶುದ್ಧವಾಗಿ ಸಿಗುವುದಿಲ್ಲ. ನೀರಿನಲ್ಲಿ ಬಾಯಿ ಮುಕ್ಕಳಿಸಿ ಸ್ವಲ್ಪ ಹೊತ್ತು ಬಿಟ್ಟು ಉಗುಳಿ. ಗೆರೆಯವರೆಗೆ ಬರಬೇಕಾದದ್ದು ದ್ರವ, ನೊರೆ ಲೆಕ್ಕಕ್ಕಿಲ್ಲ.

ರಿಪೋರ್ಟ್ ಬಂದ ಮೇಲಿನ ಸೇವೆ ಎಲ್ಲಕ್ಕಿಂತ ಕಳಪೆ. ಮೂವತ್ತು ನಲವತ್ತು ಪುಟ, ಪೂರ್ತಿ ಇಂಗ್ಲಿಷ್. ಕೌನ್ಸೆಲಿಂಗ್ ಅಂದರೆ ಹತ್ತು ನಿಮಿಷದ ಫೋನು, ಅದೂ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ. ಮುಖ್ಯವಾಗಿ ನೋಡಬೇಕಾದ ಪದ ‘ವಿಯುಎಸ್’, ಅಂದರೆ ಅರ್ಥ ಗೊತ್ತಿಲ್ಲದ ಬದಲಾವಣೆ. 2015ರ ಅಮೆರಿಕದ ಮಾರ್ಗಸೂಚಿಯಂತೆ ಬದಲಾವಣೆಗಳನ್ನು ರೋಗಕಾರಕದಿಂದ ನಿರುಪದ್ರವಿಯವರೆಗೆ ಐದು ದರ್ಜೆ ಮಾಡುತ್ತಾರೆ, ವಿಯುಎಸ್ ನಡುವಿನದು. ಪ್ರತಿಯೊಬ್ಬರಲ್ಲೂ ಅಪ್ಪ ಅಮ್ಮನಲ್ಲಿಲ್ಲದ ಅರವತ್ತು ಎಪ್ಪತ್ತು ಹೊಸ ಬದಲಾವಣೆ ಹುಟ್ಟಿನಿಂದಲೇ ಇರುತ್ತವೆ, ತಂದೆಯ ವಯಸ್ಸು ಹೆಚ್ಚಿದಂತೆ ವರ್ಷಕ್ಕೆ ಒಂದೆರಡು ಕೂಡುತ್ತವೆ. ಬಹುಪಾಲು ಏನೂ ಮಾಡುವುದಿಲ್ಲ. ವಿಯುಎಸ್ ಹಿಡಿದುಕೊಂಡು ಮಾತ್ರೆ ಬದಲಿಸುವುದು, ಸಂಬಂಧ ಮುರಿಯುವುದು ಎರಡೂ ತಪ್ಪು. ‘ಮದುವೆಗೆ ಮುಂಚೆ ಟೆಸ್ಟ್ ಮಾಡಿಸಿಕೊಳ್ಳಿ’ ಎಂಬ ಕರಪತ್ರ ಕಂಡರೆ ಆ ಅಂಗಡಿಯಿಂದ ಹೊರಗೆ ಬನ್ನಿ. ಜಾತಕದ ಕಾಟವೇ ಸಾಕಾಗಿದೆ.

ಸಹಿ ಹಾಕುವ ಫಾರಂನಲ್ಲಿ ಮೂರು ಜಾಗ ಓದಿ: ಕೇಳದ ಬೇರೆ ಕಾಯಿಲೆಯ ಮಾಹಿತಿ ತಿಳಿಸಬೇಕೇ, ನಿಮ್ಮ ಡೇಟಾ ಸಂಶೋಧನೆಗೆ ಬಳಸಬಹುದೇ, ಮೂಲ ಫೈಲ್ ನಿಮಗೆ ಕೊಡುತ್ತಾರೆಯೇ. ಕೊನೆಯದಕ್ಕೆ ಹೌದು ಎನ್ನಿಸಿಕೊಂಡೇ ದುಡ್ಡು ಕಟ್ಟಿ. ಎರಡು ವರ್ಷ ಬಿಟ್ಟು ಅದೇ ಫೈಲನ್ನು ಮತ್ತೆ ಓದಿಸಿದರೆ ಇಂದಿನ ವಿಯುಎಸ್‌ಗೆ ಅರ್ಥ ಸಿಕ್ಕಿರಬಹುದು, ಮತ್ತೆ ರಕ್ತ ಕೊಡುವ ಕೆಲಸ ಇರುವುದಿಲ್ಲ. ಮಾನಸಿಕ ಆರೋಗ್ಯದ ಮಾಹಿತಿ ಗುಟ್ಟಾಗಿರಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ರಿಪೋರ್ಟನ್ನು ಅಂಗಡಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಸಿಕೊಳ್ಳಬೇಡಿ, ನಿಮ್ಮ ಮೇಲಿಗೇ ತರಿಸಿಕೊಳ್ಳಿ.

ಮನೆಯಲ್ಲಿ ಯಾರಿಗಾದರೂ ಈಗಷ್ಟೇ ಲಕ್ಷಣ ಕಾಣಿಸಿದ್ದರೆ ಈ ಯಾವ ಕೌಂಟರಿಗೂ ಹೋಗುವ ಅಗತ್ಯವಿಲ್ಲ. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ಬರುವ ವ್ಯವಸ್ಥೆಯಿದೆ, ಹೊರಡುವ ಮುಂಚೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಮೈಕ್ರೋಅರೇ ಬೇಕೆಂದು ಅವರಿಗೆ ಅನ್ನಿಸಿದರೆ ಚೀಟಿಯಲ್ಲಿ ಕಾರಣ ಬರೆದು ಕೊಡುತ್ತಾರೆ. ಆ ಚೀಟಿಯನ್ನು ಟ್ಯೂಬಿನ ಜೊತೆಗೇ ಕಳಿಸಿ. ‘ಸ್ಕಿಜೋಫ್ರೇನಿಯಾ, ಮೂಗಿನಲ್ಲಿ ಮಾತು, ಬಾಲ್ಯದಲ್ಲಿ ಹೃದಯದ ಆಪರೇಷನ್’ ಎಂಬ ಒಂದು ಸಾಲು ಕೈಯಲ್ಲಿದ್ದರೆ ರಿಪೋರ್ಟ್ ಬರೆಯುವವರು ಎಲ್ಲಿ ನೋಡಬೇಕೋ ಅಲ್ಲಿ ನೋಡುತ್ತಾರೆ.

ಲಾಲಾರಸದ ಕಿಟ್ ಆಗಲೇ ಕೊಂಡಿದ್ದು, ಸೀಲ್ ಒಡೆಯದೆ ಇದ್ದರೆ, ಆ್ಯಪಿನಲ್ಲಿ ಬಾರ್‌ಕೋಡ್ ರಿಜಿಸ್ಟರ್ ಮಾಡಬೇಡಿ. ರಿಜಿಸ್ಟರ್ ಆದ ಮೇಲೆ ‘ಬಳಸಿದ ಕಿಟ್’ ಎಂದು ವಾಪಸ್ ತೆಗೆದುಕೊಳ್ಳದೆ ಹೋಗಬಹುದು. ಬಿಲ್ ಜೊತೆ ಹಾಗೇ ಕೌಂಟರಿಗೆ ಒಯ್ದು ದುಡ್ಡು ಕೇಳಿ.